ಪೂವಯ್ಯನ ರೀಲಿಗೆ ಹೊಸ ಲೈನು

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ಆ ಯೋಗ್ಯತೆ ಚಿಣ್ಣಮ್ಮನಿಗೆ ಹುಟ್ಟಿನಿಂದಲೇ ಇರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿದರೆ, ಯಾರಾದರೂ ಕೇಳುವ ಮೊದಲೇ 'ನಾನೇ ಮರೆತೆ' ಎಂದು ಹಾಲ್‌ವರೆಗೆ ಬಂದು ಹೇಳಿ ಹೋಗುವ ಹೆಂಗಸು. ಅಂಥವಳ ತಲೆಗೆ, ಅರವತ್ತು ದಾಟಿದ ಮೇಲೆ, ಬೆಟ್ಟದಂಥ ಒಂದು ಸುಳ್ಳನ್ನು ಕಟ್ಟಿದರು. ಕಟ್ಟಿದವನು ಬೇರೆ ಯಾರೂ ಅಲ್ಲ, ಅವಳು ಹೆತ್ತ ಮಗ ಸಾಕೇತ್.

ಅವಳ ಗಂಡ ಪೂವಯ್ಯ ಸೈನ್ಯದಲ್ಲಿ ಸುಬೇದಾರನಾಗಿ ನಿವೃತ್ತನಾದವನು. ನೋಯ್ಡಾದಲ್ಲಿ ಫೌಜಿಗಳೇ ತುಂಬಿರುವ ಸೊಸೈಟಿಯೊಂದರಲ್ಲಿ ಮನೆ. ಬೇಸಿಗೆಯಿಂದಲೇ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಪಂದಿಕರಿ ಎಂದರೆ ಎದ್ದು ಬರುತ್ತಿದ್ದ ಮನುಷ್ಯ ಗಂಜಿಯನ್ನೂ ಅರ್ಧಕ್ಕೆ ಬಿಡತೊಡಗಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊಟ್ಟೆಯಲ್ಲಿ ಕ್ಯಾನ್ಸರು. ಹರಡಿಯಾಗಿತ್ತು, ಕೊಯ್ದು ತೆಗೆಯುವ ಕಾಲ ದಾಟಿತ್ತು. ಡಾಕ್ಟರು ಮಗನನ್ನು ಪಕ್ಕಕ್ಕೆ ಕರೆದು ಹೇಳಿದರು. ಮಗ ತಾಯಿಯನ್ನು ಪಾರ್ಕಿಂಗಿಗೆ ಕರೆದುಕೊಂಡು ಹೋಗಿ ಹೇಳಿದ.

"ಮಮ್ಮಿ, ಪಪ್ಪಾಗೆ ಗೊತ್ತಾಗೋದು ಬೇಡ. ಅಲ್ಸರ್ ಅಂತ ಹೇಳೋಣ. ಗೊತ್ತಾದ್ರೆ ಧೈರ್ಯ ಬಿಟ್ಟುಬಿಡ್ತಾರೆ, ಸಮ್ಝೋ ನಾ. ಪ್ಲೀಸ್."

ಚಿಣ್ಣಮ್ಮ ಆ ಬಿಸಿಲಿನಲ್ಲಿ ಯಾರದೋ ಕಾರಿಗೆ ಒರಗಿ ನಿಂತಳು. ಮಗನ ಕಣ್ಣು ಕೆಂಪಾಗಿತ್ತು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹೂಂ ಎಂದಳು. ಒಂದು ಹೂಂ ಎಷ್ಟು ಭಾರವಿರುತ್ತದೆಂದು ಆಮೇಲೆ ಗೊತ್ತಾಯಿತು.

ಅಂದಿನಿಂದ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಮಾತ್ರೆಯ ಪೊಟ್ಟಣ ಕಿತ್ತು ಮಾತ್ರೆಗಳನ್ನು ಬರಿಯ ಡಬ್ಬಿಗೆ ಸುರಿದಿಟ್ಟಳು. ಊರಿಂದ ಫೋನ್ ಬಂದರೆ ಬಾಲ್ಕನಿಗೆ ಓಡಿದಳು. ಅಳು ಬಂದರೆ ಬಾತ್‌ರೂಮಿನ ನಲ್ಲಿ ತಿರುಗಿಸಿಕೊಂಡು ಅತ್ತಳು. ಆಸ್ಪತ್ರೆಗೆ ಹೊರಡುವ ದಿನ ಗಂಡನ ಕನ್ನಡಕವನ್ನು 'ಎಲ್ಲೋ ಬೀಳಿಸಿಬಿಡ್ತೀರಿ' ಎಂದು ತನ್ನ ಪರ್ಸಿನೊಳಗೆ ಹಾಕಿಕೊಂಡಳು. ಎಲ್ಲಿ ಏನು ಬರೆದಿದ್ದರೂ ಅವನು ಓದಬಾರದಲ್ಲ! ಈ ಉಪಾಯ ಹೊಳೆದ ದಿನ ಅವಳಿಗೆ ತನ್ನ ಬಗ್ಗೆಯೇ ಸ್ವಲ್ಪ ಹೆಮ್ಮೆಯಾಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಎಂದರೆ ಇದೇ. ಆದರೆ ಕುಡಿಯುವ ಬೆಕ್ಕಿಗೆ ಅದನ್ನು ಯಾರು ಹೇಳಬೇಕು?

ಚಿಣ್ಣಮ್ಮ ಹುಟ್ಟಿದ್ದು ಕೊಡಗಿನ ಅಮ್ಮತ್ತಿಯ ಕಡೆ. ಹುಟ್ಟಾ ಎಡಚಿ. ಎಡಗೈಯಲ್ಲಿ ಬರೆದಳೆಂದು ಮೇಷ್ಟ್ರು ಬೆರಳ ಗಂಟಿಗೆ ಹೊಡೆದರು, ಎಡಗೈಯಲ್ಲಿ ಉಂಡಳೆಂದು ತಾಯಿ ಕೈಗೆ ಬಟ್ಟೆ ಸುತ್ತಿದಳು. ಉಣ್ಣುವುದೂ ಬರೆಯುವುದೂ ಹೇಗೋ ಬಲಗೈಗೆ ಬಂದವು, ಉಳಿದದ್ದೆಲ್ಲ ಎಡಗೈಯಲ್ಲೇ ಉಳಿಯಿತು. ಕೋವಿ, ಕತ್ತಿ ಪೂಜಿಸುವ ಕೈಲ್ ಪೊಳ್ದ್ ಹಬ್ಬದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಎಡ ಹೆಗಲಿಗೆ ಕೋವಿ ಇಟ್ಟು ಗುಂಡು ಹಾರಿಸಿ ಕಾಯಿ ಚೂರಾಗಿಸಿದವಳು ಅವಳು. ಮದುವೆಯಾಗಿ ಹೋದ ಮನೆಯಲ್ಲಿ ಅತ್ತೆ, "ಎಡಗೈಯಲ್ಲಿ ಬಡಿಸಿದ್ದು ಮೈಗೆ ಹತ್ತೋದಿಲ್ಲ" ಎಂದು ಮುಖ ಸಿಂಡರಿಸಿದಾಗ, ಹೊಸ ಗಂಡ ಪೂವಯ್ಯ ಮಾತ್ರ ತಟ್ಟೆ ಮುಂದೆ ಚಾಚಿ ಹೇಳಿದ್ದ: "ನನಗೆ ಎಡಗೈಯಲ್ಲೇ ಬಡಿಸು. ಶತ್ರು ಯಾವಾಗಲೂ ಬಲಗೈಯನ್ನೇ ನೋಡ್ತಾ ಇರ್ತಾನೆ." ಆ ಒಂದು ಮಾತಿಗೆ ಅವಳು ಅವನನ್ನು ಹಿಂಬಾಲಿಸಿ ಅಂಬಾಲಾ, ಜಬಲ್ಪುರ, ಜಮ್ಮು ಎಂದು ಕಂಟೋನ್ಮೆಂಟಿನಿಂದ ಕಂಟೋನ್ಮೆಂಟಿಗೆ ಟ್ರಂಕು ಕಟ್ಟಿದಳು, ಬಿಚ್ಚಿದಳು.

ಪೂವಯ್ಯನಿಗೆ ಇದ್ದದ್ದು ಒಂದೇ ಹುಚ್ಚು, ಗಾಳ. ವರ್ಷಕ್ಕೊಮ್ಮೆ ರಜೆ ಸಿಕ್ಕಿದರೆ ಸಿದ್ದಾಪುರದ ಹತ್ತಿರ ಕಾವೇರಿಯ ದಡ. ಮೀನು ಸಿಕ್ಕಿದರೆ ಮುದ್ದಾಡಿ ಮತ್ತೆ ಹೊಳೆಗೇ ಬಿಡುತ್ತಿದ್ದ. ತಿನ್ನದ ಮೀನಿಗೆ ಇಷ್ಟು ಒದ್ದಾಟ ಯಾಕೆ ಎಂದು ಚಿಣ್ಣಮ್ಮ ವರ್ಷ ವರ್ಷವೂ ಕೇಳುತ್ತಿದ್ದಳು. ಅವನು ಎಸೆಯುವವನು, ಅವಳು ದಡದ ಬಂಡೆಯ ಮೇಲೆ ಅಕ್ಕಿ ರೊಟ್ಟಿಯ ಟಿಫಿನ್ ಕ್ಯಾರಿಯರ್ ಕಾಯುವವಳು. ಯಾರೂ ಹಾಗೆ ಗೊತ್ತು ಮಾಡಿರಲಿಲ್ಲ, ಆದರೆ ಹಾಗೇ ನಡೆದುಕೊಂಡು ಬಂತು.

ಒಂದು ಕೆಲಸ ಮಾತ್ರ ಇಬ್ಬರದು. ರಜೆಗೆ ಹೊರಡುವ ಮುಂಚೆ ಗಾಳದ ರಾಡಿನ ರೀಲಿಗೆ ಹೊಸ ಲೈನು ಹಾಕುವುದು. ನೈಲಾನ್ ದಾರ ಒಂದು ಬಿಸಿಲುಗಾಲ ಕಳೆದರೆ ಪೆಡಸಾಗಿ ಎಳೆದಲ್ಲೇ ತುಂಡಾಗುತ್ತದೆ. ಹೊಸ ದಾರದ ಪ್ಲಾಸ್ಟಿಕ್ ಉರುಳೆಯ ತೂತಿನಲ್ಲಿ ಪೆನ್ಸಿಲ್ ತೂರಿಸಿ ಚಿಣ್ಣಮ್ಮ ಹಿಡಿದುಕೊಳ್ಳಬೇಕು. ಒದ್ದೆ ಬಟ್ಟೆಯ ಚೂರಿನಲ್ಲಿ ದಾರವನ್ನು ಎರಡು ಬೆರಳ ನಡುವೆ ಒತ್ತಬೇಕು. ಎದುರಿಗೆ ಕೂತು ಪೂವಯ್ಯ ರೀಲಿನ ಹಿಡಿಕೆ ತಿರುಗಿಸಬೇಕು. ಸಡಿಲವಾಗಿ ಸುತ್ತಿದರೆ ದೊಡ್ಡ ಮೀನು ಎಳೆದಾಗ ಮೇಲಿನ ದಾರ ಒಳಗಿನ ಸುತ್ತುಗಳಲ್ಲಿ ಹೂತು ಸಿಕ್ಕಿಕೊಳ್ಳುತ್ತದೆ. ಆಮೇಲೆ ಮೀನೂ ಇಲ್ಲ, ದಾರವೂ ಇಲ್ಲ. ಒಬ್ಬರೇ ಕೂತು ಸುತ್ತುವವರೂ ಲೋಕದಲ್ಲಿದ್ದಾರೆ, ಪೂವಯ್ಯನ ಪ್ರಕಾರ ಅವರೆಲ್ಲ ಮಾರ್ಕೆಟಿನಲ್ಲಿ ಮೀನು ಕೊಳ್ಳುವುದಕ್ಕಷ್ಟೇ ಲಾಯಕ್ಕು.

ಈ ಸಲ ಅಕ್ಟೋಬರಿನ ಒಂದು ಬೆಳಿಗ್ಗೆ, ಆಸ್ಪತ್ರೆಯಿಂದ ಬಂದ ಮರುದಿನ, ಪೂವಯ್ಯ ಮಂಚದ ಮೇಲಿಂದಲೇ ಕೂಗಿದ. "ಚಿಣ್ಣು, ಮೇಲಿಂದ ರಾಡೂ ರೀಲೂ ಇಳಿಸು. ಸಾಕೇತನಿಗೆ ಹೇಳಿ ಹೊಸ ಲೈನು ತರಿಸು. ಹೊಳೆ ಇಳೀತಾ ಬಂತು."

ಚಿಣ್ಣಮ್ಮ ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡೇ ನಿಂತಳು. ಹೊಳೆಗೆ ಹೋಗುವ ಮಾತಾಡುತ್ತಿದ್ದಾನೆ! ಅಂದರೆ ನಂಬಿದ್ದಾನೆ, ಅಲ್ಸರ್ ಎಂದೇ ನಂಬಿದ್ದಾನೆ. ಅಯ್ಯೋ ದೇವರೇ, ಕೊನೆಯವರೆಗೂ ಹೀಗೇ ನಂಬಿಕೊಂಡಿರಲಿ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಮಗನಿಗೆ ಫೋನ್ ಮಾಡಿದಳು. ಅತ್ತ ಆಫೀಸಿನಿಂದ ಅವನು, "ದೇಖಾ ಮಮ್ಮಿ? ಹೇಳಲಿಲ್ವಾ ನಾನು?" ಎಂದ. ಮರುದಿನ ಗೇಟಿನ ಗಾರ್ಡ್ ಇಂಟರ್‌ಕಾಮ್‌ನಲ್ಲಿ ಕರೆದು ಪಾರ್ಸೆಲ್ ಬಂದಿದೆ ಎಂದ.

ಕಿಟಕಿಯ ಬಿಸಿಲಿಗೆ ಮಂಚವನ್ನು ಸರಿಸಿ, ಗೋಡೆಗೆ ಎರಡು ದಿಂಬು ಒರಗಿಸಿ, ಚಿಣ್ಣಮ್ಮ ಗಂಡನನ್ನು ಕೂರಿಸಿದಳು. ಕೈ ಹಾಕಿ ಎತ್ತಿದಾಗ ಅವನ ಪಕ್ಕೆಲುಬು ಒಂದೊಂದಾಗಿ ಬೆರಳಿಗೆ ತಾಗಿತು. ಏನೂ ಆಗದವಳ ಹಾಗೆ ಹೊದಿಕೆ ಸರಿಪಡಿಸಿದಳು.

ಹಳೆಯ ದಾರ ಬಿಚ್ಚಿದರು. ಸುರುಳಿ ಸುರುಳಿಯಾಗಿ ಬಂತು, ನಡುನಡುವೆ ತುಂಡಾಯಿತು. ಪೂವಯ್ಯ ಅದನ್ನು ಚಿಕ್ಕ ಚಿಕ್ಕ ಚೂರಾಗಿ ಕತ್ತರಿಸು ಎಂದ. "ಹಾಗೇ ಕಸಕ್ಕೆ ಎಸೆದರೆ ಪಾರಿವಾಳದ ಕಾಲಿಗೆ ಸುತ್ತಿಕೊಳ್ಳುತ್ತೆ." ಬಾಲ್ಕನಿಯ ತುಂಬ ಹಿಕ್ಕೆ ಹಾಕುವ ಆ ಪಾರಿವಾಳಗಳಿಗೆ ದಿನಾ ಶಾಪ ಹಾಕುವ ಚಿಣ್ಣಮ್ಮ, ಅವುಗಳ ಕಾಲಿಗಾಗಿ ಕೂತು ಕತ್ತರಿಸಿದಳು.

"ಸ್ಕ್ರೂಡ್ರೈವರ್ ಕೊಡು ಇಲ್ಲಿ" ಎಂದ ಪೂವಯ್ಯ. ರೀಲಿನ ಎಡಗಡೆ ಇದ್ದ ಹಿಡಿಕೆಯನ್ನು ಬಿಚ್ಚಿ, ಬಲಗಡೆಯ ಮುಚ್ಚಳ ತೆಗೆದು, ಹಿಡಿಕೆಯನ್ನು ಆ ಕಡೆಯಿಂದ ತೂರಿಸಿದ. ಮುಚ್ಚಳ ಎರಡು ಸಲ ಜಾರಿ ಹೊದಿಕೆಯ ಮೇಲೆ ಬಿತ್ತು. ಅವನ ಎಡಗೈ ಡ್ರಿಪ್ ಚುಚ್ಚಿ ಚುಚ್ಚಿ ನೀಲಿಗಟ್ಟಿತ್ತು. ಆ ಕೈಯಲ್ಲಿ ತಿರುಗಿಸಲಾಗದೆ ಬಲಗಡೆಗೆ ಹಾಕಿಕೊಳ್ಳುತ್ತಿದ್ದಾನೆ ಎಂದುಕೊಂಡಳು ಚಿಣ್ಣಮ್ಮ. ಪಾಪ ಅನ್ನಿಸಿತು.

ಪೆನ್ಸಿಲ್ ತೂರಿಸಿದ ಉರುಳೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಎಂದಿನ ಜಾಗದಲ್ಲಿ, ಅವನ ಎದುರಿಗೆ ಕೂತಳು. ಬಾಯಿ ಸುಮ್ಮನಿರಬೇಕಲ್ಲ? "ಸುತ್ತಿ ಆದ ಮೇಲೆ ಹಿಡಿಕೆ ಮತ್ತೆ ನಿಮ್ಮ ಕಡೆಗೆ ಹಾಕಿಬಿಡಿ. ಮರೆತು ಹೋಗಿ, ಆಮೇಲೆ ಹೊಳೆ ದಡದಲ್ಲಿ ಕೂತು ನನಗೆ ಬೈಬೇಡಿ" ಎಂದಳು.

"ಬೇಡ, ಹಾಗೇ ಇರಲಿ."

"ಹಾಗೇ ಇದ್ದರೆ ನೀವು ಎಸೆಯೋದು ಹೇಗೆ? ಎಡಗೈಯಲ್ಲಾ?"

ಗಾಳದವರ ಲೆಕ್ಕ ಸರಳ. ಎಸೆಯುವ ಕೈಯಲ್ಲಿ ರಾಡು, ಇನ್ನೊಂದು ಕೈಗೆ ಹಿಡಿಕೆ. ಬಲಗೈಯಲ್ಲಿ ಎಸೆಯುವ ಪೂವಯ್ಯನಿಗೆ ಹಿಡಿಕೆ ಎಡಗಡೆಗೇ ಇರಬೇಕು. ಇಷ್ಟು ವರ್ಷ ಎದುರಿಗೆ ಕೂತು ನೋಡಿದವಳಿಗೆ ಅಷ್ಟು ಗೊತ್ತಿಲ್ಲವೇ?

"ಎಸೆಯೋದು ನಾನಲ್ಲ" ಎಂದ ಪೂವಯ್ಯ.

"ಮತ್ಯಾರು, ನಿಮ್ಮಜ್ಜನಾ?" ಎಂದು ನಕ್ಕಳು ಚಿಣ್ಣಮ್ಮ.

"ಈ ಮನೆಯಲ್ಲಿ ಎಡಚರು ಯಾರಿದ್ದಾರೆ?"

ಅವಳ ನಗು ಅರ್ಧಕ್ಕೇ ನಿಂತಿತು. ತೊಡೆಯ ಮೇಲಿನ ಉರುಳೆ ಜಾರಿ, ದಾರ ಬಿಚ್ಚಿಕೊಳ್ಳುತ್ತಾ ನೆಲದ ಮೇಲೆ ಉರುಳಿತು. ಎತ್ತಿಕೊಳ್ಳಲು ಬಗ್ಗಿದವಳು ಬಗ್ಗಿಕೊಂಡೇ ಮಾತು ಜೋಡಿಸಿದಳು. "ಏನೇನೋ ಹೇಳಬೇಡಿ. ಅಲ್ಸರ್ ವಾಸಿಯಾದ ಮೇಲೆ ನೀವೇ..."

"ಚಿಣ್ಣು" ಎಂದ ಪೂವಯ್ಯ ಮೆತ್ತಗೆ. "ಆ ವಾರ್ಡಿನ ಬಾಗಿಲ ಮೇಲೆ ಅಂಗೈಯಗಲದ ಅಕ್ಷರದಲ್ಲಿ ಬರೆದಿದೆ. ಇಂಗ್ಲಿಷಲ್ಲೂ ಇದೆ, ಹಿಂದಿಯಲ್ಲೂ ಇದೆ. ಸುಬೇದಾರ್ ಆಗಿದ್ದವನಿಗೆ ಬೋರ್ಡ್ ಓದೋಕೆ ಬರೋದಿಲ್ವಾ?"

"ಅದಕ್ಕೇ ತಾನೇ ನಾನು ನಿಮ್ಮ ಕನ್ನಡಕ ಪರ್ಸಲ್ಲಿ ಹಾಕ್ಕೊಳ್ತಿದ್ದಿದ್ದು!"

ಬಾಯಿಂದ ಬಿದ್ದುಹೋಯಿತು. ಹಾಲು ಉಕ್ಕಿಸಿದವಳು ಹಾಲ್‌ವರೆಗೆ ಬಂದು ಹೇಳಿದ ಹಾಗೆಯೇ. ಪೂವಯ್ಯನಿಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕ, ನೋವಾಗಿ ನಿಲ್ಲಿಸಿದ. "ಅದು ಹತ್ತಿರದ್ದು ಓದೋ ಕನ್ನಡಕ ಕಣೇ. ದೂರದ್ದು ನನಗೆ ಈಗಲೂ ಹದ್ದಿನ ಹಾಗೆ ಕಾಣುತ್ತೆ."

"ಯಾವಾಗಿಂದ ಗೊತ್ತು?"

"ಮೊದಲನೇ ದಿನದಿಂದ."

"ಮತ್ತೆ ಯಾಕೆ ತುಟಿ ಪಿಟಕ್ಕೆನ್ನಲಿಲ್ಲ?"

"ಪಾಪ, ನೀನು ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಾ ಇದ್ದೆ. ಅದನ್ನ ಹಾಳು ಮಾಡೋಕೆ ಮನಸ್ಸು ಬರಲಿಲ್ಲ."

ಚಿಣ್ಣಮ್ಮನಿಗೆ ಎಲ್ಲಿತ್ತೋ ಸಿಟ್ಟು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಅವನ ಮೇಲೆಸೆದಳು. "ನಿಮಗೇನು ಮನುಷ್ಯತ್ವ ಇದೆಯಾ? ನಾನು ದಿನಾ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಸತ್ತು ಸುಣ್ಣ ಆಗ್ತಿದ್ದೆ..."

"ಗೊತ್ತು. ಟ್ಯಾಂಕಿ ಖಾಲಿಯಾಗ್ತಿತ್ತಲ್ಲ."

ಆಗ ಅವಳು ಅತ್ತಳು. ನಲ್ಲಿಯ ಸದ್ದಿನ ಮರೆಯಿಲ್ಲದೆ, ಬಿಕ್ಕಿ ಬಿಕ್ಕಿ, ಗಂಡನ ಮೊಣಕಾಲಿನ ಮೇಲೆ ತಲೆಯಿಟ್ಟು, ಎದುರು ಬ್ಲಾಕಿನವರಿಗೆ ಕೇಳಿಸೀತು ಎಂಬ ಪರಿವೆಯಿಲ್ಲದೆ ಅತ್ತಳು. ಇಷ್ಟು ತಿಂಗಳು ಒಬ್ಬಳೇ ಹೊತ್ತ ದುಃಖವನ್ನು ಇಳಿಸಲು ಜಾಗ ಸಿಕ್ಕಿತ್ತು. ಸಿಕ್ಕ ಜಾಗವೇ ಹೊರಟು ಹೋಗಲಿದೆಯಲ್ಲ ಎಂದು ಮತ್ತಷ್ಟು ಅಳು ಬಂತು. ಪೂವಯ್ಯ ಅವಳ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

"ಮದುವೆಯಾದಾಗಿಂದ ನಿನ್ನನ್ನ ಬಂಡೆ ಮೇಲೆ ಕೂರಿಸಿ ಟಿಫಿನ್ ಕ್ಯಾರಿಯರ್ ಕಾಯಿಸಿದೆ" ಎಂದ ಕೊನೆಗೆ. "ಹೋಗೋ ಬರೋ ಗಂಡಸರಿಗೆಲ್ಲ ಗಾಳ ಕೊಟ್ಟು ಎಸೀರಿ ಅಂದೆ. ಕೋವಿ ಹಿಡಿದು ಕಾಯಿ ಒಡೆದವಳಿಗೆ ಮಾತ್ರ ಒಂದು ಸಲವೂ 'ತಗೋ, ನೀನೂ ಎಸಿ' ಅನ್ನಲಿಲ್ಲ. ರೀಲಿನ ಹಿಡಿಕೆ ಬಲಗಡೆಗೆ ಬದಲಾಯಿಸೋಕೆ ಎರಡು ನಿಮಿಷ ಸಾಕಿತ್ತು. ಬದಲಾಯಿಸಲಿಲ್ಲ. ಹೊಟ್ಟೆಯಲ್ಲಿರೋದಕ್ಕಿಂತ ಅದು ಜಾಸ್ತಿ ನೋಯುತ್ತೆ ಈಗ."

"ನನಗೆ ಮೀನೂ ಬೇಡ, ಹೊಳೆಯೂ ಬೇಡ. ನೀವು ಬೇಕು."

"ಅದು ನನ್ನ ಕೈಯಲ್ಲಿಲ್ಲ, ಚಿಣ್ಣು. ಇದು ಇದೆ." ರೀಲು ಸಿಕ್ಕಿಸಿದ ರಾಡನ್ನು ಅವಳ ಕಡೆಗೆ ಚಾಚಿದ. "ಒಬ್ಬಳೇ ಊರಿಗೆ ಹೋಗ್ತೀಯ. ನಂಟರ ಮನೆ ಜಗಲಿಯಲ್ಲಿ ಕೂತು ಎಲ್ಲರ ಹತ್ರ ಅಯ್ಯೋ ಪಾಪ ಅನ್ನಿಸಿಕೊಳ್ಳಬೇಡ. ಹೊಳೆಗೆ ಹೋಗು. ಹಿಡಿ."

ಚಿಣ್ಣಮ್ಮ ಮೂಗು ಒರೆಸಿಕೊಂಡು ಎಡಗೈಯಲ್ಲಿ ರಾಡು ಹಿಡಿದಳು. ಅದು ಆ ಕೈಯಲ್ಲಿ ಎಷ್ಟು ಸಲೀಸಾಗಿ ಕೂತಿತೆಂದರೆ ಅವಳಿಗೇ ನಾಚಿಕೆಯಾಯಿತು.

ಪೂವಯ್ಯ ಉರುಳೆ ಹಿಡಿದ, ಅವಳು ಬಲಗೈಯಲ್ಲಿ ಹಿಡಿಕೆ ತಿರುಗಿಸಿದಳು. ಜಾಗ ಅದಲು ಬದಲು. "ನಿಧಾನ, ನಿಧಾನ. ಇದೇನು ಮಿಕ್ಸಿಯಾ?" ಎಂದು ಅವನು ಗದರಿದ. ಆದರೆ ದಾರ ಒತ್ತಿ ಹಿಡಿದ ಅವನ ಬೆರಳುಗಳಲ್ಲಿ ಶಕ್ತಿಯಿರಲಿಲ್ಲ. ಸುತ್ತುಗಳು ಉಬ್ಬುಬ್ಬಾಗಿ ಬೀಳುತ್ತಿದ್ದದ್ದು ಅವಳಿಗೆ ಕಂಡಿತು. ಕಂಡರೂ ಹೇಳಲಿಲ್ಲ. ಹೇಳಿದರೆ ಅವನ ಬೆರಳಿಗೆ ಅವಮಾನ ಮಾಡಿದ ಹಾಗೆ ಅನ್ನಿಸಿತು. ಅರ್ಧ ತುಂಬುವಷ್ಟರಲ್ಲಿ ಪೂವಯ್ಯನೇ ಬಗ್ಗಿ ನೋಡಿದ.

"ಸಡಿಲ ಆಗಿದೆ. ಬಿಚ್ಚು."

"ಇರಲಿ ಬಿಡಿ, ನಡೆಯುತ್ತೆ."

"ನಡೆಯೋದಿಲ್ಲ ಅಂತ ನಿನಗೂ ಗೊತ್ತು. ಬಿಚ್ಚು ಅಂದೆನಲ್ಲ."

ಬಿಚ್ಚಿದಳು. ಪೂವಯ್ಯ ಉರುಳೆ ಕೆಳಗಿಟ್ಟು, ಒದ್ದೆ ಬಟ್ಟೆಯ ಚೂರನ್ನು ಅವಳ ಎಡಗೈ ಬೆರಳುಗಳ ನಡುವೆ ತುರುಕಿ, ದಾರವನ್ನು ಅದರಲ್ಲಿ ಹಾಯಿಸಿದ. ರಾಡು ಹಿಡಿದ ಕೈಯಲ್ಲೇ ತೋರುಬೆರಳಿನಿಂದ ದಾರ ಒತ್ತುವುದು ಹೇಗೆಂದು ತೋರಿಸಿದ. ಉರುಳೆಯ ಪೆನ್ಸಿಲ್ಲನ್ನು ಅವಳ ಎರಡು ಪಾದಗಳ ನಡುವೆ ಸಿಕ್ಕಿಸಿಕೊಳ್ಳಲು ಹೇಳಿದ. "ಈಗ ತಿರುಗಿಸು. ನೋಡು, ಯಾರೂ ಹಿಡಿಯೋದು ಬೇಡ. ಒಬ್ಬಳಿಗೇ ಆಗುತ್ತೆ."

ಒಬ್ಬಳಿಗೇ ಆಗುತ್ತೆ. ಆ ಮಾತು ಕೇಳಿದಾಗ ಚಿಣ್ಣಮ್ಮನಿಗೆ ರೀಲನ್ನು ಕಿಟಕಿಯಿಂದಾಚೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ತಿರುಗಿಸಿದಳು. ಕಣ್ಣು ಮಂಜಾದಾಗ ನಿಲ್ಲಿಸಿದಳು, ಒರೆಸಿಕೊಂಡು ಮತ್ತೆ ತಿರುಗಿಸಿದಳು. ದಾರ ಬಿಗಿಯಾಗಿ, ಒಂದರ ಪಕ್ಕ ಒಂದಾಗಿ ಕೂರುತ್ತಾ ಹೋಯಿತು. ಪೂವಯ್ಯ ಕೈಕಟ್ಟಿಕೊಂಡು ನೋಡುತ್ತಿದ್ದ. "ಅಂಚಿನವರೆಗೆ ತುಂಬಬೇಡ, ಸ್ವಲ್ಪ ಬಿಡು" ಎಂದದ್ದು ಬಿಟ್ಟರೆ ಅವನಿಗೆ ತಿದ್ದಲು ಏನೂ ಉಳಿಯಲಿಲ್ಲ.

ದಾರ ಕತ್ತರಿಸಿದ ಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಇಷ್ಟು ತಿಂಗಳು ಬಾಯಿ ಕಟ್ಟಿಕೊಂಡಿದ್ದವರು. ಬೂದಿಯನ್ನು ಎಲ್ಲಿ ಬಿಡಬೇಕು, ಯಾರಿಗೆ ಮೊದಲು ಫೋನ್ ಮಾಡಬೇಕು, ಎಲ್ಲ ಹೇಳಿದ. "ಊರಲ್ಲಾಗಿದ್ದರೆ ಸಾವಾಯ್ತು ಅಂತ ಎರಡು ಗುಂಡು ಹಾರಿಸಿ ಊರಿಗೆಲ್ಲ ತಿಳಿಸ್ತಿದ್ರು. ಇಲ್ಲಿ ಹಾರಿಸಿದರೆ ಸೊಸೈಟಿ ಸೆಕ್ರೆಟರಿ ಪೊಲೀಸ್ ಕರೆಸ್ತಾನೆ. ಪಟಾಕಿ ಹೊಡೀರಿ ಅನ್ನೋಣ ಅಂದ್ರೆ ಹೊಗೆ ಅಂತ ಅದಕ್ಕೂ ಬ್ಯಾನ್. ಈ ಊರಲ್ಲಿ ಸದ್ದಿಲ್ಲದೆ ಹೋಗಬೇಕು."

"ಬಿಡ್ತು ಅನ್ನಿ" ಎಂದು ಚಿಣ್ಣಮ್ಮ ಅವನ ಬಾಯಿ ಮುಚ್ಚಿದಳು. ಅಳುವಿನ ನಡುವೆಯೇ ನಗುವೂ ಬಂದಿತ್ತು.

"ಇನ್ನೊಂದು ಮಾತು. ಸಾಕೇತನಿಗೆ ಹೇಳಬೇಡ."

"ಏನನ್ನ?"

"ನನಗೆ ಗೊತ್ತು ಅನ್ನೋದನ್ನ. ಅಪ್ಪನಿಗೆ ಏನೂ ಗೊತ್ತಿಲ್ಲ ಅನ್ನೋ ಒಂದೇ ಧೈರ್ಯದ ಮೇಲೆ ಅವನು ನಿಂತಿದ್ದಾನೆ. ಅದನ್ನೂ ಕಿತ್ತುಕೊಂಡರೆ ಹುಡುಗ ಕುಸಿದುಬಿಡ್ತಾನೆ."

ಅಲ್ಲಿಗೆ, ಒಂದು ಸುಳ್ಳು ಇಳಿಸಿದೆನೆಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ತಲೆಗೆ ಬಂತು. ಆದರೆ ಇದನ್ನು ಹೊರಲು ಜೊತೆಗೊಬ್ಬನಿದ್ದ, ಇರುವಷ್ಟು ದಿನ.

ಸಂಜೆ ಸಾಕೇತ್ ಬೇಗನೇ ಬಂದ. ಮಂಚದ ಪಕ್ಕ ಗೋಡೆಗೆ ಒರಗಿಸಿದ್ದ ರಾಡು, ರೀಲಿನಲ್ಲಿ ಮಿನುಗುವ ಹೊಸ ದಾರ ನೋಡಿ ಬ್ಯಾಗನ್ನೂ ಇಳಿಸದೆ ನಿಂತ. ಹಿಡಿಕೆ ಯಾವ ಕಡೆಗಿದೆ ಎಂಬುದು ಅವನ ಕಣ್ಣಿಗೆ ಬೀಳಲಿಲ್ಲ, ಬಿದ್ದಿದ್ದರೂ ಉತ್ತರದಲ್ಲೇ ಬೆಳೆದ, ಗಾಳ ಮುಟ್ಟದ ಹುಡುಗನಿಗೆ ತಿಳಿಯುತ್ತಿರಲಿಲ್ಲ.

"ವಾಹ್ ಪಪ್ಪಾ! ಎಲ್ಲಾ ರೆಡಿ! ಚಲೋ, ನವೆಂಬರ್‌ಗೆ ಟಿಕೆಟ್ ಬುಕ್ ಮಾಡ್ತೀನಿ. ಡಾಕ್ಟರ್ ಕೂಡ ಹೇಳ್ತಿದ್ರು, ಅಲ್ಸರ್ ಒಣಗ್ತಾ ಇದೆಯಂತೆ." ಧ್ವನಿ ಬೇಕಾದ್ದಕ್ಕಿಂತ ಜೋರಾಗಿತ್ತು.

"ಹೌದಾ? ಒಳ್ಳೇದಾಯ್ತು" ಎಂದ ಪೂವಯ್ಯ. "ಎರಡು ಟಿಕೆಟ್ ಮಾಡು. ಕಿಟಕಿ ಪಕ್ಕದ್ದು ನಿಮ್ಮಮ್ಮನಿಗೆ."

"ಅಚ್ಛಾ, ಪಕ್ಕಾ" ಎಂದ ಸಾಕೇತ್. ಫೋನ್ ಬಂದವನ ಹಾಗೆ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಬಾಲ್ಕನಿಗೆ ನಡೆದ. ಗಾಜಿನ ಬಾಗಿಲ ಆಚೆ ಅವರಿಗೆ ಬೆನ್ನು ಹಾಕಿ ನಿಂತ. ಫೋನ್ ರಿಂಗ್ ಆಗಿರಲಿಲ್ಲ. ಅವನು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಹೆಗಲು ಮಾತ್ರ ಅಲುಗುತ್ತಿತ್ತು.

ಚಿಣ್ಣಮ್ಮ ತಟಕ್ಕನೆ ಎದ್ದಳು. ಪೂವಯ್ಯ ಅವಳ ಮಣಿಕಟ್ಟು ಹಿಡಿದ.

"ಹೋಗಬೇಡ. ಅತ್ತು ಮುಗಿಸಲಿ. ಒಳಗೆ ಬಂದ ಮೇಲೆ ಕಾಫಿ ಕೊಡು."

ಎದ್ದವಳು ಮತ್ತೆ ಕೂತಳು. ಹೆತ್ತ ಮಗ ಒಂದು ಗಾಜಿನಾಚೆ ನಿಂತು ಅಳುತ್ತಿದ್ದ. ಅವನನ್ನು ಕರೆಯದೆ, ತಾನು ನೋಡಿದ್ದು ಅವನಿಗೆ ಗೊತ್ತಾಗದಿರಲೆಂದು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, ಚಿಣ್ಣಮ್ಮ ಗಂಡನ ಕೈ ಹಿಡಿದುಕೊಂಡು ಕೂತಿದ್ದಳು.